ದೊಡ್ಡಪ್ಪನ ಗುಡ್ಡೆ

ಎವಾಲ್ಡ್ ದೊಡ್ಡಪ್ಪನ ಬೂಟು ನನ್ನ ಕಾಲಿಗೆ ಬಹಳ ದೊಡ್ಡದು. ಉಣ್ಣೆಯ ಕಾಲುಚೀಲ ಒಂದರ ಮೇಲೊಂದು ಹಾಕಿಕೊಂಡರೂ ಹಿಮ್ಮಡಿ ಒಳಗೊಳಗೇ ಮೇಲೆ ಕೆಳಗೆ ಆಡುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಗುನ್‌ಬೋರ್ಗ್ ದೊಡ್ಡಮ್ಮ ಅದನ್ನೇ ನೋಡುತ್ತಿದ್ದಳು.

"ಇನ್ನೊಂದು ಜೊತೆ ಹಾಕ್ಕೊಳೆ. ಜವುಗಲ್ಲಿ ಬೂಟು ಹೂತ್ಕೊಂಡು ನೀನೊಬ್ಳೇ ಮನೆಗೆ ಬಂದೀಯ."

"ನಾನು ಬಂದ್ರೆ ಸಾಕಲ್ವಾ ದೊಡ್ಡಮ್ಮ?"

"ನೀನೇನೋ ಬರ್ತೀಯ. ಅಂಥಾ ಬೂಟು ಈಗ ಎಲ್ಲೂ ಸಿಗಲ್ಲ."

ಬೈಯುತ್ತಲೇ ನನ್ನ ಚೀಲಕ್ಕೆ ತೆಳುರೊಟ್ಟಿ, ಸಾಸೇಜು, ಕಾಫಿಯ ಫ್ಲಾಸ್ಕು, ಕಾಫಿಯೊಳಗೆ ಹಾಕಿಕೊಳ್ಳುವ ಚೀಸಿನ ತುಂಡುಗಳನ್ನು ತುಂಬಿದಳು. ನಾನು ಲೇಸು ಕಟ್ಟಿಕೊಂಡೆ.

ತಾಲ್‌ಲೀಡನ್‌ನಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ ಅಂಗಡಿ ಕೂಡ ತೆರೆಯುವುದಿಲ್ಲ. ಊರಿಗೆ ಊರೇ ಎಲ್ಕ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಹೋಗಿರುತ್ತದೆ. ಸ್ವಂತ ಕಾಡಿರುವ ಪ್ರತಿ ಮನೆಯಿಂದ ಒಬ್ಬರು ಬಂದೂಕು ಹಿಡಿದು ತಂಡದ ಜೊತೆ ನಿಲ್ಲಬೇಕು. ಯಾರ ಗುಂಡಿಗೆ ಎಲ್ಕ್ ಬಿದ್ದರೂ ಮಾಂಸ ಎಲ್ಲ ಮನೆಗೂ ಸಮ, ಮನೆಗೊಂದು ಗುಡ್ಡೆ. ಆದರೆ ಮೂರು ವರ್ಷ ಯಾರೂ ಬಂದು ನಿಲ್ಲದ ಮನೆಯ ಗುಡ್ಡೆ ಬೇರೆಯವರಿಗೆ ಹೋಗುತ್ತದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಎರಡು ಬೇಟೆಗಾಲ ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ. ಹಿಮದ ಮೇಲೆ ಜಾರಿ ಬಿದ್ದಂದಿನಿಂದ ದೊಡ್ಡಮ್ಮನ ಭುಜ ಬಂದೂಕಿನ ಒದೆತ ತಡೆಯುವುದಿಲ್ಲ. ಇದು ಮೂರನೆಯದು. ಹೊಳೆಯಾಚೆಯ ರೋಲಾಂಡ್ ತನ್ನ ಅಳಿಯನಿಗೆ ಆ ಜಾಗ ಬೇಕೆಂದು ಆಗಲೇ ಹೇಳಿಕೊಂಡು ಓಡಾಡುತ್ತಿದ್ದ.

ಮಾಂಸದ ಆಸೆಯೇನೂ ದೊಡ್ಡಮ್ಮನಿಗೆ ಇರಲಿಲ್ಲ. "ಅಂಗಡೀಲಿ ಹಂದಿ ಸಿಗತ್ತೆ," ಎನ್ನುತ್ತಿದ್ದಳು. "ಆದ್ರೆ ಗುಡ್ಡೆ ಇಲ್ಲದ ಮನೆ ಅಂದ್ರೆ ಬೇಸಿಗೇಲಿ ಬಂದು ಈಜಾಡಿ ಹೋಗೋರ ಮನೆ. ನಾನು ಬೇಸಿಗೆಯವಳಾ?"

ನಾನು ದೇಶದ ಇನ್ನೊಂದು ತುದಿಯವಳು, ತೆಂಕಣ ಪಟ್ಟಣ ಮಾಲ್ಮೊದವಳು. ಸಾಹಿತ್ಯದಲ್ಲಿ ಪದವಿ ಮುಗಿಸಿ, ಕೆಲಸ ಸಿಗದೆ, ಒಂದು ಚಳಿಗಾಲ ಇದ್ದು ಹೋಗೋಣವೆಂದು ಬಂದವಳು ಹಿಮ ಕರಗಿದರೂ ಹೋಗಲಿಲ್ಲ. ದೊಡ್ಡಮ್ಮ ಕೇಳಲೇ ಇಲ್ಲ, ನಾನೇ ಪುಸ್ತಕ ತರಿಸಿ ಬೇಟೆಯ ಪರವಾನಗಿ ಪರೀಕ್ಷೆಗೆ ಓದಿದೆ. ಹಳಿಯ ಮೇಲೆ ಓಡುವ ಹಲಗೆಯ ಎಲ್ಕ್‌ಗೆ ಗುರಿಯಿಟ್ಟು ಹೊಡೆದು ಪಾಸಾದೆ. ನಿಜವಾದ ಎಲ್ಕ್ ಅನ್ನು ನೋಡಿದ್ದು ಒಮ್ಮೆ ಮಾತ್ರ, ಬಸ್ಸಿನ ಕಿಟಕಿಯಿಂದ, ಅದೂ ಹಿಂಭಾಗ.

ಒಳಗೊಳಗೆ ನನಗೊಂದು ಧೈರ್ಯವಿತ್ತು. ಫೋನು ಬಂದರೆ ತಾನಾಗಿ ನಿಲ್ಲಲಿ ಎಂದು ಕಾಯುವ ಹುಡುಗಿ ನಾನು. ಮರದ ಮೇಲಿನ ಅಟ್ಟಣೆಯಲ್ಲಿ ಗಂಟೆಗಟ್ಟಲೆ ತೆಪ್ಪಗೆ ಕೂರುವ ಕೆಲಸ ನನಗಾಗಿಯೇ ಮಾಡಿದಂತಿದೆ ಎಂದುಕೊಂಡಿದ್ದೆ. ರೇಡಿಯೋದ ವಿಷಯ ಮರೆತೇಹೋಗಿತ್ತು.

ಅದನ್ನು ಬೆಳಿಗ್ಗೆ ತಂಡದ ಮುಖ್ಯಸ್ಥ ಹಾಲ್ವಾರ್ ನನ್ನ ಎದೆಯ ಮೇಲೆ ಸಿಕ್ಕಿಸಿದರು. "ಇದು ಬಟನ್. ಒತ್ತಿ ಹಿಡಿದು ಮಾತಾಡೋದು. ಏನೇ ಕಂಡ್ರೂ ಹೇಳ್ಬೇಕು, ಯಾವ ಕಡೆ ಹೋಯ್ತು ಅಂತ. ಎಲ್ಲರ ಕಿವೀಲೂ ಕೇಳ್ಸತ್ತೆ."

ಎಲ್ಲರ ಕಿವಿಯಲ್ಲೂ.

ಅಟ್ಟಣೆಯ ಮುಂದೆ ಜವುಗು ನೆಲ, ಅದರಾಚೆ ಹಳದಿಗೆ ತಿರುಗುತ್ತಿದ್ದ ಬರ್ಚ್ ಮರಗಳು. ಬಿಸಿಲೇರುವ ಹೊತ್ತಿಗೆ ತಾಯಿ ಎಲ್ಕ್ ಒಂದು, ಹಿಂದೆ ಕೆಂಚುಬಣ್ಣದ ಕರು, ಜವುಗು ದಾಟಲು ಇಳಿದವು. ಗುಂಡು ಮುಟ್ಟದಷ್ಟು ದೂರ. ಹೇಳಬೇಕಾದದ್ದು ಒಂದೇ ಮಾತು. ಬಟನ್ ಮೇಲೆ ಬೆರಳಿಟ್ಟೆ. ಮೊದಲು ಏನು ಹೇಳುವುದು? ನಮಸ್ಕಾರ ಎಂದೇ? ನನ್ನ ತೆಂಕಣ ಉಚ್ಚಾರಕ್ಕೆ ನಕ್ಕುಬಿಟ್ಟರೆ? ನಾನು ವಾಕ್ಯ ಕಟ್ಟಿ, ಒಡೆದು, ಮತ್ತೆ ಕಟ್ಟುವಷ್ಟರಲ್ಲಿ ತಾಯಿಯೂ ಕರುವೂ ಆಚೆ ದಡ ಹತ್ತಿ ಹೋಗಿದ್ದವು. ಆಮೇಲೆ ತಂಡದ ಬೇಟೆನಾಯಿ ತುಸ್ಸ ನೆಲ ಮೂಸುತ್ತ ಬಂದು, ನನ್ನ ಕಡೆ ತಿರುಗಿಯೂ ನೋಡದೆ ಅದೇ ದಾರಿ ಹಿಡಿದು ಪಕ್ಕದ ಊರಿನವರ ಕಾಡಿಗೆ ನುಗ್ಗಿತು. ನಾಯಿಯ ಒಡತಿ ಮೈಬ್ರಿಟ್ ಅದನ್ನು ಹುಡುಕಿ ಕರೆತರುವಲ್ಲಿ ದಿನ ಮುಗಿದೇಹೋಯಿತು.

ಸಂಜೆ ಬೆಂಕಿಯ ಸುತ್ತ ಎಲ್ಲರೂ ಕಡ್ಡಿಗೆ ಸಾಸೇಜು ಚುಚ್ಚಿಕೊಂಡು ಕುಳಿತಿದ್ದಾಗ ಹಾಲ್ವಾರ್ ಕೇಳಿದರು.

"ಮಟಿಲ್ಡಾ, ನಿನ್ನ ಅಟ್ಟಣೆ ಮುಂದೇನೇ ಹೆಜ್ಜೆ ಇದೆ. ನೋಡ್ದೆಯಾ ಅವನ್ನ?"

"ನೋಡ್ದೆ."

"ಮತ್ತೆ?"

ನಾನು ಸಾಸೇಜು ನೋಡುತ್ತಿದ್ದೆ. ಅದು ಒಂದು ಕಡೆ ಕಪ್ಪಾಗುತ್ತಿತ್ತು.

"ಪಾಪ, ಪರಿಚಯ ಇಲ್ದೋರ ಬಗ್ಗೆ ಮಾತಾಡೋದು ಅವರ ಊರಲ್ಲಿ ಮರ್ಯಾದೆ ಅಲ್ವೇನೋ," ಎಂದ ರೋಲಾಂಡ್. ಎಲ್ಲರೂ ನಕ್ಕರು. ಮೈಬ್ರಿಟ್ ಮಾತ್ರ ಸುಸ್ತಾಗಿ ನಗಲಿಲ್ಲ. ರೋಲಾಂಡ್ ಮುಂದುವರಿಸಿದ: "ಗುನ್‌ಬೋರ್ಗ್ ಮನೆಯಿಂದ ಈ ಸಲ ಬಂದಿರೋದು ಎವಾಲ್ಡನ ಬೂಟು ಮಾತ್ರ. ಬೂಟಿಗೂ ಗುಡ್ಡೆ ಕೊಡ್ತೀವಾ ಹಾಲ್ವಾರ್?"

"ನಾಳೆನೂ ಒಂದು ದಿನ ಇದೆ," ಎಂದರು ಹಾಲ್ವಾರ್. ಆದರೆ ಇಲ್ಲವೆನ್ನಲಿಲ್ಲ. ನನ್ನ ಪಕ್ಕದಲ್ಲಿದ್ದ ಮುದುಕ ಸಿಕ್ಸ್ಟೆನ್ ತಮ್ಮ ಚೀಸಿನ ತುಂಡೊಂದನ್ನು ನನ್ನ ಕಾಫಿಗೆ ಹಾಕಿದರು.

ಮನೆಯಲ್ಲಿ ದೊಡ್ಡಮ್ಮ ಆಲೂಗಡ್ಡೆ ಕಡುಬು ಬೇಯಿಸುತ್ತಿದ್ದಳು. ಊರಿನ ಸುದ್ದಿ ನನಗಿಂತ ಮೊದಲೇ ಬಂದು ತಲುಪಿತ್ತು.

"ನಾಳೆ ನಾನು ಹೋಗಲ್ಲ ದೊಡ್ಡಮ್ಮ. ನಂಗೆ ಮಾತು ಬರಲ್ಲ."

"ಯಾರು ಹೇಳಿದ್ದು? ಹಾಲಿಡೋವಾಗ ಆ ಬೆಕ್ಕಿನ ಹತ್ರ ದಿನಾ ಏನು ಪುರಾಣ ನಿಂದು! ನಂಗೆ ಕೇಳ್ಸಲ್ಲ ಅಂದ್ಕೊಂಡಿದೀಯಾ?"

"ಬೆಕ್ಕು ಬೇರೆ."

"ಜನರ ಹತ್ರ ಮಾತಾಡು ಅಂತ ನಾನೆಲ್ಲಿ ಅಂದೆ? ಎಲ್ಕ್ ಹತ್ರ ಮಾತಾಡು. ಅವ್ರು ಕದ್ದು ಕೇಳಿಸ್ಕೊಳ್ಳಲಿ." ಒಂದು ಕಡುಬನ್ನು ಬಿಡಿಸಿ, ಒಳಗೆ ಬೆಣ್ಣೆ ಇಟ್ಟು ನನ್ನ ತಟ್ಟೆಗೆ ಹಾಕಿದಳು. ಬಳಿಕ ಒಲೆಯ ಕಡೆ ತಿರುಗಿ, ಬೇರೆ ದನಿಯಲ್ಲಿ, "ಹೋಗದಿದ್ರೂ ಪರವಾಗಿಲ್ಲ. ಗುಡ್ಡೆ ಹೋದ್ರೆ ಹೋಗ್ಲಿ," ಎಂದಳು. ಆ ಮಾತು ಕೇಳಿದ ಮೇಲೆ ಹೋಗದೆ ಇರುವುದು ಸಾಧ್ಯವೇ ಇರಲಿಲ್ಲ.

ಮರುದಿನ ಚೀಟಿ ಎತ್ತಿದಾಗ ನನಗೆ ಜವುಗಿನ ಇನ್ನೊಂದು ಬದಿಯ ಅಟ್ಟಣೆ ಬಂತು. ನನ್ನ ಎಡಕ್ಕೆ, ದಿಬ್ಬದ ಹಿಂದೆ, ಒಣಹುಲ್ಲು ಕೂಡಿಡುತ್ತಿದ್ದ ಹಳೆಯ ಹುಲ್ಲುಮನೆಯ ಹತ್ತಿರ ಸಿಕ್ಸ್ಟೆನ್. ಗಾಳಿ ಮುಖಕ್ಕೆ ಬೀಸುತ್ತಿತ್ತು, ಅದು ಒಳ್ಳೆಯದು, ನನ್ನ ವಾಸನೆ ಎಲ್ಕ್‌ಗೆ ಹೋಗದು. ದೂರದಲ್ಲಿ ತುಸ್ಸ ಬೊಗಳತೊಡಗಿತು. ಬೊಗಳು ಹತ್ತಿರವಾಗಿ, ನಿಂತು, ಮತ್ತೆ ಶುರುವಾಯಿತು.

ಬರ್ಚ್ ಮರಗಳ ನಡುವೆ ಒಂದು ಕಂದು ನೆರಳು ಅಲುಗಿ ಎಲ್ಕ್ ಆಯಿತು.

ಬಟನ್ ಒತ್ತಿದೆ. ಹಾಲ್ವಾರ್, ರೋಲಾಂಡ್, ಯಾರನ್ನೂ ನೆನೆಯಲಿಲ್ಲ. ಅವನಿಗೇ ಹೇಳಿದೆ.

"ಬಂದೆಯಾ," ಎಂದು ಪಿಸುಗುಟ್ಟಿದೆ. "ಗಂಡು ನೀನು. ಚಿಕ್ಕವನು, ಕೊಂಬಲ್ಲಿ ಎರಡೇ ಕವಲು. ಬರ್ಚ್ ಹತ್ರ ನಿಂತಿದೀಯ. ಒಂದು ಕಿವಿ ನಾಯಿ ಕಡೆ, ಒಂದು ಕಿವಿ ನನ್ನ ಕಡೆ. ಅಯ್ಯೋ, ಎಷ್ಟುದ್ದ ಮೂಗೋ ನಿಂದು! ಬೇರೆ ಪ್ರಾಣಿ ಎಲ್ಲಾ ಮಾಡಿ ಉಳಿದ ತುಂಡು ಸೇರಿಸಿ ನಿನ್ನ ಮಾಡಿದ ಹಾಗಿದೆ. ಕಾಲು ಯಾರದ್ದೋ, ಮುಖ ಯಾರದ್ದೋ. ಆದ್ರೂ ಎಷ್ಟು ಚೆನ್ನಾಗಿದೀಯ. ಎದೆ ಮುಂದೆ ಮರ ಇದೆ, ನಾನು ಹೊಡೆಯೋಕ್ಕಾಗಲ್ಲ. ನಿಂತೇ ಇರ್ತೀಯಾ? ಹಾಂ, ಎಲೆ ತಿಂತೀಯಾ, ತಿನ್ನು. ಈಗ ತಲೆ ಎತ್ತಿದ. ಹೊರಟ. ದಿಬ್ಬದ ಎಡಗಡೆ, ಹುಲ್ಲುಮನೆ ದಾರೀಲಿ. ಓಡ್ತಿಲ್ಲ, ನಡೀತಿದಾನೆ. ಸಿಕ್ಸ್ಟೆನ್, ನಿಮ್ಮ ಕಡೆಗೇ ಬರ್ತಿದಾನೆ. ಈಗ ದೊಡ್ಡ ಕಲ್ಲು ದಾಟಿದ. ಈಗ ಕಾಣಲ್ಲ ನಂಗೆ."

ಕಾಣದಿದ್ದರೂ ನನ್ನ ಬಾಯಿ ನಿಲ್ಲಲಿಲ್ಲ. ಚಳಿಗೆ, ಭಯಕ್ಕೆ ಬೆರಳು ಬಟನ್‌ಗೆ ಅಂಟಿಕೊಂಡಿತ್ತು. ನಾನು ಒತ್ತಿ ಹಿಡಿದಷ್ಟು ಹೊತ್ತೂ ತಂಡದಲ್ಲಿ ಬೇರೆ ಯಾರೂ ಮಾತಾಡಲಾರರು, ಅವರ ಮಾತು ನನಗೂ ಕೇಳದು ಎಂಬುದು ತಲೆಗೆ ಹೊಳೆಯಲೇ ಇಲ್ಲ.

ದಿಬ್ಬದಾಚೆ ಒಂದು ಗುಂಡಿನ ಸದ್ದಾಯಿತು. ಒಂದೇ ಒಂದು.

ಬೆರಳು ಸಡಿಲವಾದದ್ದೇ ತಡ, ಕಿವಿಯೊಳಗೆ ಎಲ್ಲರೂ ಒಟ್ಟಿಗೆ ನುಗ್ಗಿದರು. "ಬಟನ್ ಬಿಡೇ ಮಾರಾಯ್ತಿ!" "ಕೈ ಅಂಟಿಕೊಂಡಿದೆಯೇನೆ?" "ಮೂಗಿನ ವಿಷಯ ಆಮೇಲೆ ಹೇಳು!" ಅಷ್ಟೂ ಹೊತ್ತು ಅವರು ತಮ್ಮ ತಮ್ಮ ಮರದ ಮೇಲೆ ಕೂತು ಸುಮ್ಮನೆ ಕೂಗಿಕೊಂಡಿದ್ದರಂತೆ. ಗದ್ದಲ ಅಡಗಿದ ಮೇಲೆ ಸಿಕ್ಸ್ಟೆನ್‌ರ ಸಣ್ಣ ದನಿ ಬಂತು: "ಬಿದ್ದಿದೆ. ಬನ್ನಿ."

ಅವನು ಪಾಚಿಯ ಮೇಲೆ ಒಂದು ಬದಿಗೆ ಮಲಗಿದ್ದ. ಸಿಕ್ಸ್ಟೆನ್ ಟೋಪಿ ತೆಗೆದು ಪಕ್ಕದಲ್ಲಿ ನಿಂತಿದ್ದರು. ನಾನು ಕೂತು, ನನ್ನ ಕಡೆ ತಿರುಗಿದ್ದ ಆ ಕಿವಿಯನ್ನು ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ಕಣ್ಣು ತುಂಬಿತು. ಯಾರೂ ನಗಲಿಲ್ಲ. ಮೈಬ್ರಿಟ್ ನನ್ನ ಬೆನ್ನು ತಟ್ಟಿ ಚಾಕು ಹಿಡಿಯಲು ಕರೆದಳು.

ಎಳೆದು ತರುವಾಗಲೇ ರೋಲಾಂಡ್ ಶುರುಮಾಡಿದ. "ಒಂದು ಗುಂಡೂ ಹಾರಿಸ್ಲಿಲ್ಲ. ರೇಡಿಯೋ ನಿಯಮ ಅಷ್ಟೂ ಮುರಿದ್ಲು. ನಾನು ಕಾಲು ಜಾರಿ ಬಿದ್ದಿದ್ರೆ ಯಾರಿಗೆ ಹೇಳ್ಬೇಕಿತ್ತು? ಇದನ್ನ ಬೇಟೆ ಅಂತೀರಾ?"

"ಎಲ್ಕ್ ಕಾಣೋಕೆ ಮುಂಚೆ ನಂಗೆ ಅದರ ಕಿವಿ ಯಾವ ಕಡೆ ಇದೆ ಅಂತ ಗೊತ್ತಿತ್ತು," ಎಂದರು ಸಿಕ್ಸ್ಟೆನ್. "ಇಷ್ಟು ವರ್ಷದಲ್ಲಿ ನಿನ್ನಿಂದ ನಂಗೆ ಅಂಥಾ ಸುದ್ದಿ ಬಂದಿದ್ದು ನೆನಪಿಲ್ಲಪ್ಪ."

"ನಿಯಮ ಅಂತ ಒಂದು ಇರತ್ತೆ."

ಇಬ್ಬರೂ ಹಾಲ್ವಾರ್ ಮುಖ ನೋಡಿದರು. ಅವರು ಹಗ್ಗ ಭುಜಕ್ಕೆ ಹಾಕಿಕೊಂಡು, "ಶನಿವಾರ ಗುಡ್ಡೆ ಹಾಕ್ತೀನಲ್ಲ, ಆಗ ಗೊತ್ತಾಗತ್ತೆ. ಈಗ ಎಳೀರಿ," ಎಂದರು.

ಮಾಂಸ ಹದವಾಗಲೆಂದು ತಂಡದ ಕೊಟ್ಟಿಗೆಯಲ್ಲಿ ತೂಗುತ್ತಿದ್ದ ಆ ದಿನಗಳಲ್ಲಿ ದೊಡ್ಡಮ್ಮ ನನ್ನನ್ನು ಏನೂ ಕೇಳಲಿಲ್ಲ. ಗುಡ್ಡೆ ತರುವ ಟಬ್ಬನ್ನು ಮಾತ್ರ ತೊಳೆದು ಅಂಗಳದಲ್ಲಿ ಬೋರಲು ಹಾಕಿದಳು. ಮರುದಿನ ಅದನ್ನೇ ಮತ್ತೆ ತೊಳೆದಳು. ಶನಿವಾರ ಹೊರಡುವಾಗ ಟಬ್ಬು ನನ್ನ ಕೈಗಿಟ್ಟು, "ಖಾಲಿ ತಂದ್ರೂ ತೊಂದ್ರೆ ಇಲ್ಲ, ಬಟ್ಟೆ ನೆನೆಸೋಕೆ ಬೇಕೇ ಬೇಕು," ಎಂದಳು.

ಕೊಟ್ಟಿಗೆಯ ಹಲಗೆಗಳ ಮೇಲೆ ಹಾಲ್ವಾರ್ ಆಗಲೇ ಗುಡ್ಡೆ ಹಾಕಿ ಮೇಲೆ ಬಟ್ಟೆ ಹೊದಿಸಿದ್ದರು. ಇಲ್ಲಿ ಪಾಲು ಆರಿಸಿಕೊಳ್ಳುವಂತಿಲ್ಲ. ಒಬ್ಬರು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಹಿಂದೆ ಇನ್ನೊಬ್ಬರು ಒಂದು ಗುಡ್ಡೆಯನ್ನು ಕಡ್ಡಿಯಿಂದ ತೋರಿಸಿ ಯಾರದ್ದು ಎಂದು ಕೇಳುತ್ತಾರೆ. ಗೋಡೆ ನೋಡುತ್ತಿರುವವರು ಯಾರ ಹೆಸರು ಹೇಳುತ್ತಾರೋ ಆ ಗುಡ್ಡೆ ಅವರದ್ದು. ಜಗಳವೇ ಇಲ್ಲ.

"ಈ ಸಲ ಮಟಿಲ್ಡಾ ಕೂಗಲಿ," ಎಂದರು ಹಾಲ್ವಾರ್. "ಅವಳ ದನಿ ಎಲ್ಲರಿಗೂ ಅಭ್ಯಾಸ ಆಗಿದೆ."

ನಗುವಿನ ನಡುವೆ ನಾನು ಗೋಡೆಗೆ ತಿರುಗಿದೆ. ಮೂಗಿನ ಮುಂದೆ ಹಳೆಯ ಹಲಗೆ, ಅದರ ಗಂಟುಗಳು. ಹಿಂದೆ, ಕಡ್ಡಿ ಹಿಡಿದ ಹಾಲ್ವಾರ್ ಬಟ್ಟೆ ಎಳೆದ ಸದ್ದು. ಎಷ್ಟು ಗುಡ್ಡೆಗಳಿವೆ ಎಂದು ನಾನು ನೋಡಿರಲಿಲ್ಲ.

"ಇದು ಯಾರದ್ದು?"

"ಸಿಕ್ಸ್ಟೆನ್."

"ಇದು?"

"ಮೈಬ್ರಿಟ್."

ಹೆಸರು ಹೇಳಿದಂತೆ ಒಬ್ಬೊಬ್ಬರ ಬೂಟಿನ ಸದ್ದು ಬರುತ್ತಿತ್ತು, ಮಾಂಸ ಟಬ್ಬಿಗೆ ಬೀಳುತ್ತಿತ್ತು. ರೋಲಾಂಡ್ ಎಂದೆ, ಉಳಿದವರ ಹೆಸರುಗಳನ್ನೂ ಹೇಳಿದೆ. ನನ್ನ ಹೆಸರು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ನಡುವೆ ನನ್ನ ಹೆಸರು ಹೇಳಿ, ಕೊನೆಗೆ ಬೇರೆ ಯಾರಿಗಾದರೂ ಗುಡ್ಡೆ ಇಲ್ಲದೆ ಹೋದರೆ? ಒಬ್ಬೊಬ್ಬರಾಗಿ ಮುಗಿದು ಒಂದೇ ಹೆಸರು ಉಳಿಯಿತು.

"ಹಾಲ್ವಾರ್," ಎಂದೆ.

ಮಾಂಸ ಟಬ್ಬಿಗೆ ಬಿತ್ತು. ಆಮೇಲೆ ಸದ್ದಿಲ್ಲ. ಎಲ್ಲರೂ ಹೋಗುವ ತನಕ ಹೀಗೇ ಗೋಡೆ ನೋಡುತ್ತ ನಿಲ್ಲುವುದೆಂದು ತೀರ್ಮಾನಿಸಿದೆ. ದೊಡ್ಡಮ್ಮನಿಗೆ ಹೇಳಬೇಕಾದ ಮಾತನ್ನೂ ಕಟ್ಟತೊಡಗಿದೆ.

"ಇದು ಯಾರದ್ದು?" ಎಂದಿತು ಹಿಂದಿನಿಂದ ಅದೇ ದನಿ.

"ಯಾವ್ದು?"

"ಇಲ್ಲೊಂದು ಇದೆಯಲ್ಲ. ತಿರುಗ್ಬೇಡ. ಯಾರದ್ದು ಹೇಳು."

"ಗುನ್‌ಬೋರ್ಗ್ ದೊಡ್ಡಮ್ಮಂದು."

"ಗುನ್‌ಬೋರ್ಗ್ ಕಾಡಲ್ಲಿ ನಿಂತಿರ್ಲಿಲ್ಲ." ಈಗ ಮಾತಾಡಿದ್ದು ರೋಲಾಂಡ್. "ನಿಂತೋರ ಹೆಸರು ಹೇಳ್ಬೇಕು. ನಿಯಮ ಅಂದ್ರೆ ನಿಯಮ. ಬೇಗ ಹೇಳು, ಕಾಲು ಜೋಮು ಹಿಡೀತಿದೆ."

"ಮಟಿಲ್ಡಾ," ಎಂದೆ ನಾನು, ಗೋಡೆಗೆ.

ಮನೆ ಮುಟ್ಟಿದಾಗ ದೊಡ್ಡಮ್ಮ ಮೆಟ್ಟಿಲಿಳಿದು ಬಂದು ಟಬ್ಬಿನೊಳಗೆ ಕೈ ಹಾಕಿದಳು. ಒಂದೊಂದೇ ತುಂಡು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಒಳಗಿಟ್ಟಳು. ಆಮೇಲೆ ಒಳಗೆ ಹೋಗಿ, ಕೈಯನ್ನೂ ತೊಳೆಯದೆ ಮಾಲ್ಮೊದಲ್ಲಿರುವ ನನ್ನ ಅಮ್ಮನಿಗೆ ಫೋನು ಮಾಡಿದಳು. ಅದು ಮುಗಿದ ಮೇಲೆ ಮೈಬ್ರಿಟ್‌ಗೆ, ಆಮೇಲೆ ಅಂಗಡಿಯವರಿಗೆ. ನಾನು ಅಂಗಳದಲ್ಲಿ ಕೂತು ಬೂಟು ಬಿಚ್ಚುತ್ತಿದ್ದೆ. ತೆರೆದ ಕಿಟಕಿಯಿಂದ ಅವಳ ಗಟ್ಟಿ ದನಿ ಮತ್ತೆ ಮತ್ತೆ ಕೇಳುತ್ತಿತ್ತು.

"ಬರೀ ಕಾಲಿನ ಮೂಳೆ ಕಣೇ! ನಮ್ಮ ಮನೆ ಗುಡ್ಡೆ ಈ ವರ್ಷ ಇಷ್ಟು ಕೆಟ್ಟದಾಗಿ ಬಂದಿದೆ, ಏನು ಹೇಳ್ಲಿ!"