ಬಾನಿಯ ಮುಂದೆ ಏಳು ಪದ್ಯ

ಹಿತ್ತಲಿನ ಕಲ್ಲುಬಾನಿಯಲ್ಲಿ ಈಗ ಪುದೀನ ಬೆಳೆಯುತ್ತದೆ. ಬಾನಿಯ ಒಂದು ಅಂಚು ಮಾತ್ರ ನುಣ್ಣಗೆ ಸವೆದು ತಗ್ಗಾಗಿದೆ. ನಲವತ್ತಕ್ಕೂ ಮಿಕ್ಕಿದ ವರ್ಷ, ವರ್ಷಕ್ಕೊಂದರಂತೆ, ಹಂದಿಗಳು ಗದ್ದ ಊರಿದ ಜಾಗ ಅದು. ಆ ಮನೆಯ ಸೊಸೆ ನೀರು ಹಾಕಲು ಹೋದಾಗಲೆಲ್ಲ ಆ ತಗ್ಗಿನ ಮೇಲೆ ಒಮ್ಮೆ ಕೈಯಾಡಿಸಿ ಬರುತ್ತಾಳೆ. ಸೊಸೆ ಎಂದು ಅವಳನ್ನು ಕರೆಯುವವರು ಈಗ ಯಾರೂ ಉಳಿದಿಲ್ಲ. ತಲೆ ಪೂರ್ತಿ ಬೆಳ್ಳಗಾಗಿದೆ. ಆದರೂ ಆ ಬಾನಿಯ ಹತ್ತಿರ ನಿಂತರೆ ಅವಳು ಮತ್ತೆ ಸೊಸೆಯೇ.

ಅವಳ ಅತ್ತೆಯ ಕಾಲದಲ್ಲಿ ಚಳಿ ಮುಗಿಯುವ ಹೊತ್ತಿಗೆ ಗೋಣಿಚೀಲದಲ್ಲಿ ಒಂದು ಮರಿ ಬರುತ್ತಿತ್ತು. ತಾಯಿಯ ಹಾಲು ಬಿಟ್ಟು ವಾರವೂ ಆಗಿರದ, ಬಿಂದಿಗೆಯಷ್ಟೇ ದಪ್ಪದ ಮರಿ. ಚೀಲದ ಬಾಯಿ ಬಿಚ್ಚಿದರೆ ಮೊದಲು ಮೂಗು, ಆಮೇಲೆ ಅನುಮಾನ, ಕೊನೆಗೆ ಹಂದಿ ಹೊರಬರುತ್ತದೆ ಎನ್ನುತ್ತಿದ್ದ ಸೊಸೆಯ ಗಂಡ. ಅವನು ಮರ ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಗೂಡಿಗೆ ಹಾಸಲು ವಾರಕ್ಕೆರಡು ಚೀಲ ಮರದ ಹೊಟ್ಟು ಹೊತ್ತು ತರುತ್ತಿದ್ದ. ಹೊಟ್ಟಿನ ಆ ಹಸಿ ವಾಸನೆಗೆ ಬೇಯಿಸಿದ ಆಲೂಗಡ್ಡೆ ಸಿಪ್ಪೆ, ತೌಡು, ಹುಳಿ ಮಜ್ಜಿಗೆಯ ವಾಸನೆ ಬೆರೆತರೆ ಹಿತ್ತಲಿಗೆ ಹಿತ್ತಲೇ ಹಬೆಯಾಡುತ್ತಿತ್ತು.

ಹಂದಿಗೆ ಹೆಸರಿಡಬಾರದೆಂಬುದು ಮನೆಯ ಕಟ್ಟಳೆ. ಹೆಸರಿಟ್ಟದ್ದು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದಳು. ಹಾಗಾಗಿ ಯಾವ ಹಂದಿಯಾದರೂ ಅದು 'ಈ ವರ್ಷದವನು'. ಈ ವರ್ಷದವನು ಬೇಲಿಯ ಕಂಬ ಅಲ್ಲಾಡಿಸಿದ, ಈ ವರ್ಷದವನಿಗೆ ಬೆನ್ನು ತುರಿಸುತ್ತಿದೆ, ಪೊರಕೆ ತಗೊಂಡು ಹೋಗು. ಗೂಡಿನ ಮೊಳೆಗೆ ಒಂದು ಹುರಿಹಗ್ಗ ನೇತಾಡುತ್ತಿತ್ತು. ಅದರಲ್ಲಿ ಗಂಟುಗಳು, ತುದಿಯಲ್ಲೊಂದು ಕೆಂಪು ದಾರದ ಗಂಟು. ತಿಂಗಳಿಗೊಮ್ಮೆ ಹಂದಿಯ ಎದೆಯ ಸುತ್ತ ಹಗ್ಗ ಹಾಯಿಸಿ ಅಳೆಯುವುದು. ಅಳತೆ ಕೆಂಪು ಗಂಟು ಮುಟ್ಟಿ, ಬೆಳಗಿನ ನೀರಿನ ಮೇಲೆ ತೆಳ್ಳನೆಯ ಮಂಜುಗಡ್ಡೆ ಕಟ್ಟಿತೆಂದರೆ ಕಟುಕನಿಗೆ ಹೇಳಿಕಳಿಸುವ ಕಾಲ ಬಂದಂತೆ.

ಇಷ್ಟು ಎಲ್ಲ ಮನೆಗಳಲ್ಲೂ ಇತ್ತು. ಅತ್ತೆಯದೇ ಆದದ್ದು ಇನ್ನೊಂದು. ಬೆಳಿಗ್ಗೆ ಸಂಜೆ ಬಾನಿಗೆ ಹಿಟ್ಟು ಸುರಿದು, ಕೈ ಒರೆಸಿಕೊಂಡು, ಬೇಲಿಯ ಮೇಲಿನ ಅಡ್ಡಪಟ್ಟಿಗೆ ಒರಗಿ ಅವಳು ಪದ್ಯ ಹೇಳುತ್ತಿದ್ದಳು. ಸುತ್ತಿನ ಮನೆಗಳಲ್ಲೆಲ್ಲ ದೀಪದ ಹೊತ್ತಿಗೆ ಹೇಳುತ್ತಿದ್ದ ಏಳು ಪದ್ಯಗಳ ಕಟ್ಟಿನವೇ ಅವು. ಸ್ವರ ಎತ್ತರಕ್ಕೆ ಹೋಗುತ್ತಿರಲಿಲ್ಲ. ಹಂದಿ ತಿನ್ನುವ ಸದ್ದಿನ ಮೇಲೆ, ತುಂಬಿದ ಕೊಡ ತುಳುಕದ ಹಾಗೆ, ಹರಿದುಕೊಂಡು ಹೋಗುತ್ತಿತ್ತು.

*ಹಸಿವ ಕೊಟ್ಟವ ನೀನು, ಹಿಟ್ಟ ಕೊಟ್ಟವ ನೀನು,*
*ಬಸಿರ ಬಾಗಿಲ ಕಾದು ಬೆಳಕ ಕೊಟ್ಟವ ನೀನು.*

ಗಂಡ ಇದಕ್ಕೂ ನಗುತ್ತಿದ್ದ. ಕತ್ತೆಗೆ ಕಸ್ತೂರಿ, ನಮ್ಮನೆ ಹಂದಿಗೆ ಪದ್ಯ ಎಂದು. ಅತ್ತೆಯದು ಒಂದೇ ಮಾತು: ಹೆತ್ತ ಮಗ ಕೇಳಲಿಲ್ಲ, ಹಂದಿಯಾದರೂ ಕೇಳಲಿ.

ಆದರೆ ಅವಳು ಬೀಗಿಕೊಳ್ಳಬಹುದಾದದ್ದು ಒಂದಿತ್ತು. ಆ ಅಂಗಳದಲ್ಲಿ ನಲವತ್ತು ವರ್ಷ ಒಂದು ಹಂದಿಯೂ ಕಿರುಚಿರಲಿಲ್ಲ. ಬೇರೆ ಮನೆಗಳಲ್ಲಿ ಆ ದಿನ ಬಂತೆಂದರೆ ಬೀದಿಯ ಆ ತುದಿಯವರೆಗೆ ಕೇಳುತ್ತಿತ್ತು. ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇಲ್ಲಿ ಮಾತ್ರ ಪದ್ಯ ಕೇಳುತ್ತಿತ್ತು, ಆಮೇಲೆ ಏನೂ ಇಲ್ಲ. ಈ ಮನೆಗೆ ಬರುತ್ತಿದ್ದ ಕಟುಕನೂ ಅಂಥವನೇ. ಹೆಜ್ಜೆ ಮೆತ್ತಗೆ, ಮಾತೂ ಮೆತ್ತಗೆ, ಅದಕ್ಕೇ ಎಲ್ಲರ ಬಾಯಲ್ಲಿ ಮೆತ್ತಜ್ಜ. ಹೆದರಿ ಸತ್ತ ಹಂದಿಯ ಮಾಂಸ ನೀರೊಡೆದು ಉಪ್ಪು ಹಿಡಿಯುವುದಿಲ್ಲ ಎಂಬುದು ಅವನ ಕಸುಬಿನ ಮಾತು. ಹೆದರಿಸಿ ಕೊಂದದ್ದು ಕೊಂದವನನ್ನೂ ಬಿಡುವುದಿಲ್ಲ ಎಂಬುದು ಅವನ ಮನಸ್ಸಿನ ಮಾತು. ಹಂದಿ ಒಮ್ಮೆ ಕಿರುಚಿತೋ, ಸಲಕರಣೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಡೆದೇಬಿಡುವನು. ಆ ಚಳಿಗಾಲಕ್ಕೆ ಮತ್ತೆ ಆ ಬಾಗಿಲಿಗೆ ಬರುವುದಿಲ್ಲ.

ಸೊಸೆಗೆ ಇದೆಲ್ಲ ಗೊತ್ತಿದ್ದದ್ದು ಅಡುಗೆಮನೆಯ ಗೋಡೆಯ ಈಚೆಯಿಂದ. ಹಂದಿಗೆ ಹಿಟ್ಟು ಹಾಕುವ ಹೊತ್ತೇ ಗಂಡನ ಕಾರ್ಖಾನೆಯ ಸೈರನ್ ಕೂಗುವ ಹೊತ್ತು; ಬೆಳಿಗ್ಗೆ ಅವನ ಬುತ್ತಿ, ಸಂಜೆ ಅವನ ಊಟ. ಅತ್ತೆಯ ಪದ್ಯ ಅವಳಿಗೆ ದುಂಬಿಯ ಗುಂಯ್‌ಗುಟ್ಟಿನ ಹಾಗೆ ಕೇಳಿಸುತ್ತಿತ್ತೇ ಹೊರತು ಒಂದೊಂದು ಪದವಾಗಿ ಅಲ್ಲ. ಕೊಯ್ಯುವ ದಿನವಂತೂ ಅವಳು ಹಂಡೆಯ ಮುಂದೆ. ಕೂದಲು ತೆಗೆಯಲು ಕುದಿನೀರು ಬೇಕು. ಹಬೆಗೆ ಕಿಟಕಿಯ ಗಾಜೆಲ್ಲ ಮಂಜು.

ಒಂದು ವಸಂತದಲ್ಲಿ, ಮರಿ ಬಂದ ಮಾರನೆಯ ವಾರವೇ, ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಜಾರಿದಳು. ಸೊಂಟದ ಮೂಳೆ ಮುರಿಯಿತು. ಹಾಸಿಗೆಯನ್ನು ಹಿಂದಿನ ಕೋಣೆಯ ಕಿಟಕಿಗೆ ತಂದು ಹಾಕಿದರು, ಗೂಡು ಕಾಣುವ ಹಾಗೆ. ದೇಹದ ಜೊತೆ ಉಸಿರೂ ಸೋತಿತ್ತು. ಎರಡು ಪದ ಆಡಿ ಮೂರನೆಯದಕ್ಕೆ ಕಾಯಬೇಕು. ಸೊಸೆಯನ್ನು ಹತ್ತಿರ ಕರೆದು ಹೇಳಿದಳು:

"ಇವನು ನಿನ್ನವನು ಈ ವರ್ಷ. ಹಿಟ್ಟು ಸುರಿದು ಬಂದುಬಿಡಬೇಡ. ಪದ್ಯ ಹೇಳು. ಅವನು ಅಂಗಳದಲ್ಲಿ ಕಿರುಚೋದನ್ನ ನಾನು ಇಲ್ಲಿ ಮಲಗಿ ಕೇಳೋ ಹಾಗಾಗಬಾರದು."

ಪದ್ಯ ಹೇಳು ಎಂದರೆ ಸೊಸೆಗೆ ಕಲಿಸಬೇಕಾದ್ದು ಏನೂ ಇರಲಿಲ್ಲ. ಅವಳ ಅಪ್ಪ ಪುಸ್ತಕಕ್ಕೆ ರಟ್ಟು ಕಟ್ಟುವವನು. ಅಂಟು ಒಣಗುವವರೆಗೆ ಕೈಗೆ ಕೆಲಸವಿಲ್ಲವೆಂದು ಬಾಯಿಗೆ ಪದ್ಯ ಕೊಡುತ್ತಿದ್ದ. ಅವಳು ಮೇಜಿನ ಕೆಳಗೆ ಕೂತು ಕತ್ತರಿಸಿದ ಕಾಗದದ ಚೂರುಗಳ ನಡುವೆ ಕೇಳಿ ಬೆಳೆದವಳು. ಏಳು ಪದ್ಯ ಎಂದರೆ ಏಳೂ. ನಡುವೆ ನಿಲ್ಲಿಸುವುದು ಉಣ್ಣುವವರ ಮುಂದಿನ ತಟ್ಟೆ ಎಳೆದ ಹಾಗೆ ಎಂದು ಅಪ್ಪ ಹೇಳಿದ್ದ.

ಹಾಗೆ ಅವಳು ಬೇಲಿಗೆ ಒರಗಿದಳು. ಮೊದಮೊದಲು ನಾಚಿಕೆ. ತಿಂಗಳೊಪ್ಪತ್ತಿನಲ್ಲಿ ಅದೂ ಹೋಯಿತು. ಹಂದಿ ತಿನ್ನುವುದಕ್ಕೂ ಒಂದು ತಾಳವಿದೆಯೆಂದು ತಿಳಿಯಿತು. ಮೊದಲೆರಡು ಪದ್ಯಕ್ಕೆ ಅದು ಉಸಿರು ಕಟ್ಟಿ ನುಂಗುತ್ತದೆ, ಮೂರರಿಂದ ಅಗಿಯುತ್ತದೆ, ಐದಕ್ಕೆ ಮೂಲೆಗಳನ್ನು ನೆಕ್ಕತೊಡಗುತ್ತದೆ. ಏಳನೆಯದು ಮುಗಿದೊಡನೆ ಅವಳು ಕೈ ಚಾಚಿ ಕಿವಿಯ ಹಿಂದೆ ಕೆರೆಯುತ್ತಿದ್ದಳು. ಒರಟು ಕೂದಲು, ಬಿಸಿ ಚರ್ಮ. ಅದು ಕಣ್ಣು ಅರೆಮುಚ್ಚಿ ಇಡೀ ಭಾರವನ್ನು ಅವಳ ಅಂಗೈಗೆ ಬಿಡುತ್ತಿತ್ತು. ಅಪ್ಪ ಹೋಗಿ ಆರು ವರ್ಷವಾಗಿತ್ತು. ಆ ಪದ್ಯಗಳನ್ನು ಅವಳು ದಿನಕ್ಕೆರಡು ಸಲ ಗಟ್ಟಿಯಾಗಿ ಹೇಳಿಕೊಂಡದ್ದು ಆ ಬೇಲಿಯ ಬಳಿಯೇ.

ಬೇಸಿಗೆ ಕಳೆಯಿತು. ಉದುರಿದ ಹಣ್ಣು, ಗೂಡಿನ ಕೆಸರು, ಹಗ್ಗದ ಗಂಟುಗಳು ಒಂದೊಂದಾಗಿ ಹಿಂದೆ ಬಿದ್ದವು. ಕೆಂಪು ಗಂಟು ಬಂತು. ಮಂಜುಗಡ್ಡೆಯೂ ಬಂತು.

ಆ ದಿನ ಬೆಳಕು ಹರಿಯುತ್ತಲೇ ಮೆತ್ತಜ್ಜ ಬಂದ. ಹಣೆಗೆ ಒತ್ತಿ ಸಿಡಿಸುವ ಅವನ ಗಿಡ್ಡ ಸಲಕರಣೆ ಅಂಗಿಯ ಒಳಗೆ ಬೆಚ್ಚಗಿತ್ತು. ತಣ್ಣನೆಯ ಕಬ್ಬಿಣ ತಗುಲಿದರೆ ಹಂದಿ ಬೆಚ್ಚುತ್ತದಂತೆ. ಹಂಡೆಯ ಮುಂದೆ ಈ ಸಲ ಗಂಡ. ಅತ್ತೆಯ ಕಿಟಕಿ ಒಂದು ಗೇಣು ತೆರೆದಿತ್ತು. ಸೊಸೆ ಹಿಟ್ಟು ಸುರಿದು ಪದ್ಯ ಎತ್ತಿಕೊಂಡಳು. ಮೆತ್ತಜ್ಜ ಬಾನಿಯ ಆಚೆ ಮೊಣಕಾಲೂರಿ, ಕಲ್ಲಿನ ಹಾಗೆ ಕೂತ. ಹಂದಿ ಅವನನ್ನು ಒಮ್ಮೆ ಮೂಸಿ, ಇವನೂ ಇರಲಿ ಎಂಬಂತೆ, ತಿನ್ನತೊಡಗಿತು.

ಆರನೆಯ ಪದ್ಯ ಮುಗಿಯಿತು. ಮೆತ್ತಜ್ಜ ತಲೆ ಎತ್ತದೆಯೇ ಹೇಳಿದ:

"ಈಗ ಹೊಸದು ಹೇಳಮ್ಮ."

ಯಾವ ಹೊಸದು ಎಂದು ಅವಳು ಅದೇ ತಗ್ಗಿದ ದನಿಯಲ್ಲಿ ಕೇಳಿದಳು.

"ಏಳನೇದು. ನಿಮ್ಮತ್ತೆ ವರ್ಷವಿಡೀ ಆರಕ್ಕೇ ನಿಲ್ಲಿಸ್ತಾರಲ್ಲ. ಇವತ್ತೊಂದಿನ ಏಳನೇದು ಹೇಳ್ತಾರೆ. ಕೇಳಿಲ್ಲದ್ದು ಕೇಳಿದ್ರೆ ಇದು ತಲೆ ಎತ್ತಿ ಒಂದು ಗಳಿಗೆ ಅಲ್ಲಾಡದೆ ನಿಲ್ಲುತ್ತೆ. ನಂಗೆ ಅಷ್ಟು ಸಾಕು."

ಅದನ್ನೂ ದಿನಾ ಹೇಳಿದ್ದೇನೆ ಎಂದಳು ಸೊಸೆ. ಎರಡು ಹೊತ್ತೂ.

ಮೆತ್ತಜ್ಜ ಬೈಯಲಿಲ್ಲ. ಬಾನಿಯನ್ನು ನೋಡಿದ. ತಳ ಕಾಣತೊಡಗಿತ್ತು. ಹಿಟ್ಟು ಮುಗಿದರೆ ಹಂದಿ ತಿರುಗುತ್ತದೆ. ತಿರುಗಿದರೆ ಹಬೆ, ಬಾಗಿಲ ಬಳಿ ಒರಗಿಸಿಟ್ಟ ಹಲಗೆ ಎಲ್ಲ ಕಂಡು ಬೆದರುತ್ತದೆ. ಬಾಗಿಲಿಂದ ಗಂಡ ಹಗ್ಗ ತರಲೇ ಎಂದು ಕೈಸನ್ನೆ ಮಾಡಿದ. ಮೆತ್ತಜ್ಜ ತಲೆ ಅಲ್ಲಾಡಿಸಿದ. ಹಗ್ಗ ಬಿದ್ದರೆ ಕಿರುಚುವುದು ಖಂಡಿತ, ಆಮೇಲೆ ತಾನು ಇರುವುದಿಲ್ಲ ಎಂಬುದು ಆ ಅಲ್ಲಾಟದಲ್ಲೇ ಇತ್ತು.

ಬೇರೆ ಪದ್ಯ ಹೇಳಬಹುದಿತ್ತು. ಅಪ್ಪನ ಮೇಜಿನ ಕೆಳಗೆ ಕೇಳಿದ್ದು ನೂರಾರು. ಒಂದೂ ನಾಲಿಗೆಗೆ ಬರಲಿಲ್ಲ; ಬೇಕಾದಾಗ ಬಾರದ್ದೇ ವಿದ್ಯೆಯ ಗುಣ. ಬಂದದ್ದು ಮುಂದಿನದೇ, ದಿನದ್ದೇ. ಹಂದಿ ಕಿವಿಯನ್ನೂ ಎತ್ತದೆ ಮೂಲೆ ನೆಕ್ಕುತ್ತಿತ್ತು.

*ಕೊಟ್ಟುದೆಲ್ಲವ ನಿನ್ನ ಕೈಗೆ ಒಪ್ಪಿಸಿ ಬರುವೆ,*
*ಬಿಟ್ಟುದೇನಿದೆ ಇಲ್ಲಿ*

ಅಲ್ಲಿಗೆ ದನಿ ನಿಂತಿತು. ಉಪಾಯ ಮಾಡಿ ನಿಲ್ಲಿಸಿದಳೆಂದು ಆಮೇಲೆ ಎಲ್ಲರೂ ಹೊಗಳಿದರು, ಮೆತ್ತಜ್ಜನೂ ಸೇರಿ. ಉಪಾಯವಲ್ಲ. ಎಂಟು ತಿಂಗಳು ದಿನಕ್ಕೆರಡು ಸಲ ಹೇಳಿದ ಸಾಲು ಯಾರ ಸಲುವಾಗಿ, ಯಾವ ದಿನದ ಸಲುವಾಗಿ ಎಂಬುದು ಆ ಗಳಿಗೆಯಲ್ಲಿ ಹೊಳೆಯಿತು, ಅಷ್ಟೆ.

ನೆಕ್ಕುವ ಸದ್ದು ನಿಂತಿತು. ಪದ್ಯಕ್ಕೆ ಇನ್ನೂ ಅರ್ಧ ಸಾಲಿತ್ತು, ಅರ್ಧ ಸಾಲಿನ ಆಚೆ ಕಿವಿ ಕೆರೆಯುವ ಕೈಯಿತ್ತು. ಹಂದಿ ತಲೆ ಎತ್ತಿತು. ಗದ್ದದಿಂದ ಹಿಟ್ಟು ತೊಟ್ಟಿಕ್ಕುತ್ತ, ಬಿಳಿ ರೆಪ್ಪೆಯ ಸಣ್ಣ ಕಣ್ಣುಗಳನ್ನು ಅವಳ ಮುಖಕ್ಕೆ ನೆಟ್ಟು, ಒಂದಿಷ್ಟೂ ಅಲ್ಲಾಡದೆ, ಉಳಿದದ್ದನ್ನು ಕಾಯುತ್ತ ನಿಂತಿತು.

ಒಣ ಕಡ್ಡಿ ಮುರಿದಷ್ಟು ಸದ್ದು. ಮುಂಗಾಲು ಮಡಿಚಿ ಅದು ಕೂತಂತೆ ಇಳಿಯಿತು. ಮೆತ್ತಜ್ಜನ ಚೂರಿ ಉಳಿದದ್ದನ್ನು ಮುಗಿಸಿತು. ಅವಳು ಬೇಲಿ ದಾಟಿ, ಕೆಸರಲ್ಲಿ ಕೂತು, ಇನ್ನೂ ಬಿಸಿಯಾಗಿದ್ದ ಕಿವಿಯ ಹಿಂದೆ ಕೈಯಿಟ್ಟು ಮಿಕ್ಕ ಅರ್ಧವನ್ನು ಹೇಳಿದಳು.

*ಬಾಗಿಲನು ತೆರೆ ತಂದೆ.*

ಆಮೇಲೆ ದಿನವಿಡೀ ಕೆಲಸ. ಕುದಿನೀರು, ಕೆರೆಯುವುದು, ಸೀಳುವುದು, ಕರುಳು ತೊಳೆಯುವುದು, ಕೊಬ್ಬು ಕಾಸುವುದು, ತೊಡೆಗಳಿಗೆ ಉಪ್ಪು ತಿಕ್ಕಿ ಮರದ ಪೆಟ್ಟಿಗೆಯಲ್ಲಿ ಇಡುವುದು. ಉಪ್ಪು ಚೆನ್ನಾಗಿ ಹಿಡಿಯಿತು. ಸಂಜೆ ಇಳಿಯುವ ಮೊದಲು ಅವಳು ಬಿಸಿ ಸಾರಿನ ಬಟ್ಟಲು ಹಿಡಿದು ಅತ್ತೆಯ ಹಾಸಿಗೆಯ ಅಂಚಿನಲ್ಲಿ ಕೂತಳು. ತಪ್ಪು ಒಪ್ಪಿಕೊಳ್ಳದೆ ಸಾರು ಕುಡಿಸುವುದಾಗಲಿಲ್ಲ. ಏಳನೆಯದನ್ನು ಇಟ್ಟುಕೊಳ್ಳಬೇಕೆಂದು ತನಗೆ ಗೊತ್ತಿರಲಿಲ್ಲ, ಒಂದು ಮಾತು ಹೇಳಿದ್ದರೆ ಹೀಗಾಗುತ್ತಿರಲಿಲ್ಲ, ದಿನಾ ಹೇಳಿ ಹಾಳು ಮಾಡಿದೆ ಎಂದಳು.

ಅತ್ತೆ ಎರಡು ಚಮಚ ಕುಡಿದಳು. ಉಸಿರು ಕೂಡಿಸಿಕೊಂಡಳು.

"ನೀನು ಹೇಳೋದು ನಂಗೆ ಕೇಳ್ತಿತ್ತು ಕಣೇ. ಮೊದಲ ದಿನದಿಂದ. ಕಿಟಕಿ ಅಲ್ಲೇ ಇಲ್ವಾ?"

"ಮತ್ತೆ ಯಾಕೆ ತಡೀಲಿಲ್ಲ?"

ಹೊರಗೆ ಗಂಡ ಖಾಲಿ ಗೂಡಿಗೆ ಬಕೆಟ್ಟುಗಟ್ಟಲೆ ನೀರು ಎರಚಿ ತೊಳೆಯುತ್ತಿದ್ದ.

"ನಲವತ್ತು ವರ್ಷ," ಎಂದಳು ಅತ್ತೆ. "ಆ ಪದ್ಯಾನ ನಾನು ವರ್ಷಕ್ಕೆ ಒಂದೇ ಸಲ ಹೇಳಿದ್ದು. ಹೇಳಿದಾಗೆಲ್ಲ ಒಂದು ಬಿದ್ದಿದೆ. ದೀಪದ ಮುಂದೂ ಬಾಯಿಗೆ ಬರ್ತಿರಲಿಲ್ಲ. ನೀನು ದಿನಾ ಹೇಳ್ತಿದ್ದೆ, ಅವನು ದಿನಾ ತಿಂದ್ಕೊಂಡು ಬದುಕಿರ್ತಿದ್ದ. ಎಷ್ಟು ಚೆನ್ನಾಗಿತ್ತು ಕೇಳೋಕೆ. ಇವತ್ತು ತಡೀತೀನಿ, ನಾಳೆ ತಡೀತೀನಿ ಅಂತ ಇದ್ದೆ."

ಮುಂದಿನ ವರ್ಷ ಏನು ಮಾಡುವುದೆಂದು ಸೊಸೆ ಕೇಳಿದಳು. ಏಳೂ ಹೇಳು ಎಂದಳು ಅತ್ತೆ. ಆ ದಿನ ಮಾತ್ರ ಕೊನೆಯ ಅರ್ಧ ಸಾಲಿಗೆ ಸುಮ್ಮನಾಗು. ಹಾಗೆಂದು ಬಟ್ಟಲನ್ನು ಕಣ್ಣಲ್ಲೇ ತೋರಿಸಿ, ಈ ವರ್ಷದವನ ಸಾರಿಗೆ ಉಪ್ಪು ಒಂದು ಕಲ್ಲು ಕಮ್ಮಿ ಎಂದಳು.

ಅತ್ತೆ ಇನ್ನೂ ಎರಡು ಚಳಿಗಾಲ ಇದ್ದಳು. ಕೊನೆಯ ಬೆಳಿಗ್ಗೆ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಸೊಸೆ ಹಾಸಿಗೆಯ ಪಕ್ಕದಲ್ಲಿ ಏಳು ಪದ್ಯವನ್ನೂ ಹೇಳಿದಳು, ಎಲ್ಲೂ ನಿಲ್ಲಿಸದೆ. ಆಮೇಲೆಯೂ ವರ್ಷಕ್ಕೊಂದು ಮರಿ ಬಂತು, ಮೆತ್ತಜ್ಜನ ಕೈ ನಡುಗತೊಡಗುವವರೆಗೆ. ಆ ಅಂಗಳದಲ್ಲಿ ಯಾವುದೂ ಕಿರುಚಲಿಲ್ಲ.

ಈಗ ಪುದೀನಕ್ಕೆ ನೀರು ಹಾಕುವಾಗಲೂ ಬಾಯಿಗೆ ಅದೇ ಬರುತ್ತದೆ. ಕೊನೆಯ ಅರ್ಧ ಸಾಲಿನ ಮುಂದೆ ದನಿ ತಾನಾಗಿ ನಿಲ್ಲುತ್ತದೆ, ಹಳೆಯ ರೂಢಿ. ಒಂದು ಗಳಿಗೆ ಕಾಯುತ್ತಾಳೆ. ಆಮೇಲೆ ಬಾನಿಯ ಸವೆದ ಅಂಚಿನ ಮೇಲೆ ಕೈಯಾಡಿಸಿ, ಮಿಕ್ಕದ್ದನ್ನು ಹೇಳಿ, ತಂಬಿಗೆ ಬೋರಲು ಹಾಕಿ ಒಳಗೆ ಹೋಗುತ್ತಾಳೆ.