ಪಾದ್ರಿಯ ಬಲಗೈ

ಕೋರ್ಟು ಪಾದ್ರಿ ಅರ್ಗಿರಿಸನನ್ನು ತಡಮಾಡದೆ ಬಿಟ್ಟು ಕಳಿಸಿತ್ತು. ಹಾಡುಹಗಲೇ ಒಬ್ಬ ಮನೆಗೆ ನುಗ್ಗಿ, ಚರ್ಚಿನ ಕೀಲಿಕೈಗಾಗಿ ಪಾದ್ರಿಯ ಹೆಂಡತಿ ಎವಾಂಥಿಯಾಳ ಕತ್ತು ಹಿಸುಕುತ್ತಿದ್ದ. ಅರ್ಗಿರಿಸ್ ಒಲೆಯ ಸಲಾಕೆ ಬೀಸಿದ. ಕಳ್ಳ ಕಲ್ಲಿನ ಮೆಟ್ಟಿಲ ಮೇಲೆ ಉರುಳಿ, ತಲೆ ಒಡೆದು ಸತ್ತ. ಏಟು ತಗುಲಿತೋ, ಬೆದರಿ ಅವನೇ ಜಾರಿದನೋ ಎಂದು ನ್ಯಾಯಾಧೀಶರು ಕೆದಕಲಿಲ್ಲ. ಹೇಗಾದರೂ ಅದು ಆತ್ಮರಕ್ಷಣೆಯೇ.

ಚರ್ಚಿಗೆ ಮಾತ್ರ ಏಟು ತಗುಲಿತೋ ಇಲ್ಲವೋ ಎಂಬುದೇ ಮುಖ್ಯ. ಜೀವ ತೆಗೆದ ಪಾದ್ರಿಯ ಕೈ, ಕಾರಣ ಏನೇ ಇರಲಿ, ಬಲಿಪೀಠದ ದ್ರಾಕ್ಷಾರಸದ ಪಾನಪಾತ್ರೆಯನ್ನು ಮತ್ತೆ ಎತ್ತುವಂತಿಲ್ಲ; ಅವನು ಪೂಜೆ ನಡೆಸುವಂತಿಲ್ಲ. ಅರ್ಗಿರಿಸನನ್ನು ಕೇಳಿದರೆ ಅವನಿಗೂ ತಿಳಿಯದು. ಅವನು ಕಣ್ಣು ಮುಚ್ಚಿಕೊಂಡು ಬೀಸಿದ್ದ. ನೋಡಿದವಳು ಎವಾಂಥಿಯಾ ಒಬ್ಬಳೇ. ಅಂದಿನಿಂದ ಅವನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಊಟಕ್ಕೆ ಕೂತಾಗ ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ.

ಬಿಷಪ್ಪರು ವಿಚಾರಣೆಗೆ ಬರುವ ದಿನ ಕಾಫಿ ಅಂಗಡಿಯ ಮಿಲ್ಟೋಸ್ ಅಂಗಳದಲ್ಲೇ ಬೀಡುಬಿಟ್ಟಿದ್ದ.

"ಯೇಸುನ ಹಿಡಿಯೋಕೆ ಬಂದಾಗ ಶಿಷ್ಯ ಪೇತ್ರ ಕತ್ತಿ ಎಳೆದು ಆಳಿನ ಕಿವೀನೇ ಹಾರಿಸ್ಬಿಟ್ಟ. ಅವನ ಹತ್ರ ಸ್ವರ್ಗದ ಕೀಲಿಕೈ ಏನು ವಾಪಸ್ ಇಸ್ಕೊಂಡ್ರಾ ಫಾದರ್?"

"ಆ ಕಿವಿ ವಾಪಸ್ ಅಂಟಿಸೋಕೆ ಯೇಸು ಪಕ್ಕದಲ್ಲೇ ಇದ್ದ, ಮಿಲ್ಟೋಸ್," ಎಂದ ಅರ್ಗಿರಿಸ್. ಎದ್ದು ಅಕ್ರೋಟು ಮರದ ಕಡೆ ನಡೆದ.

ಮಿಲ್ಟೋಸ್ ಬಾಗಿಲಲ್ಲಿ ನಿಂತಿದ್ದ ಎವಾಂಥಿಯಾಳ ಕಡೆ ತಿರುಗಿ ದನಿ ತಗ್ಗಿಸಿದ. "ಪಾದ್ರಿಯಮ್ಮ, ಜಾರಿಬಿದ್ದ ಅಂದ್ಬಿಡಿ. ಬಿಷಪ್ಪರಿಗೂ ಅದೇ ಬೇಕಾಗಿರೋದು. ಈ ಬೆಟ್ಟಕ್ಕೆ ಇನ್ನೊಬ್ಬ ಪಾದ್ರೀನ ಎಲ್ಲಿಂದ ತರ್ತಾರೆ?"

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅಡುಗೆಮನೆಯಲ್ಲಿ ಎದುರು ಕೂತ ಬಿಷಪ್ಪರು ಅವಳ ಕತ್ತಿನ ಮೇಲೆ ಹಳದಿಗೆ ತಿರುಗಿದ್ದ ಬೆರಳಿನ ಗುರುತುಗಳನ್ನು ನೋಡಿ ಕಣ್ಣು ತಗ್ಗಿಸಿದರು.

"ನಿಧಾನವಾಗಿ ನೆನಪು ಮಾಡ್ಕೊಳ್ಳಿ ತಾಯಿ. ಉಸಿರು ಕಟ್ಟಿದಾಗ ಕಣ್ಣು ಮಂಜಾಗುತ್ತೆ. ಏನು ಕಂಡ್ತು, ಏನು ಕಾಣಲಿಲ್ಲ ಅಂತ ಹೇಳೋದು ಕಷ್ಟ."

ಬಿಷಪ್ಪರು ಸುಳ್ಳಿಗೆ ಬಾಗಿಲು ತೆರೆದೇ ಇಟ್ಟಿದ್ದರು. ಜಾರಿದ ಎಂದರೆ ಭಾನುವಾರ ಗಂಡ ಮತ್ತೆ ಬಲಿಪೀಠದ ಮುಂದೆ ನಿಲ್ಲುತ್ತಾನೆ. ಆಮೇಲೆ ಪ್ರತಿ ಸಲ ಪಾತ್ರೆ ಎತ್ತುವಾಗ ತನ್ನ ಕೈಯನ್ನೇ ನೋಡಿಕೊಳ್ಳುತ್ತಾನೆ. ಮತ್ತೆ ತಾನು? ಕಳ್ಳ ಜಾರಿಬಿದ್ದದ್ದರಿಂದ ಉಳಿದವಳು.

"ಮಂಜಾಗಿರಲಿಲ್ಲ ಸ್ವಾಮಿ. ಹೊಡೆದ್ರು. ಹೆಗಲಿಗೆ ಬಿತ್ತು. ಅವನ ಕೈ ಸಡಿಲ ಆಯ್ತು, ನನಗೆ ಉಸಿರು ಬಂತು. ಆಮೇಲೇ ಅವನು ಉರುಳಿದ್ದು."



"ಅದು ಪಾಪವಾ?" ಅವಳೇ ಕೇಳಿದಳು.

"ನಿಮ್ಮ ಕತ್ತು ನೋಡ್ತಾ ಪಾಪ ಅನ್ನೋ ಧೈರ್ಯ ನನಗಿಲ್ಲ. ಒಳ್ಳೇದು ಮಾಡ್ದ ಅನ್ನೋ ಅಧಿಕಾರಾನೂ ಇಲ್ಲ."

"ಹಾಗಾದ್ರೆ ಅವರಿಗೆ ಶಿಕ್ಷೆ ಯಾಕೆ?"

"ಶಿಕ್ಷೆ ಅಲ್ಲ ತಾಯಿ, ಸೂತಕ. ಒಬ್ಬ ಮನುಷ್ಯ ಸತ್ತಿದ್ದಾನೆ. ಅವನಿಗೋಸ್ಕರ ಯಾರಾದ್ರೂ ಏನಾದ್ರೂ ಕಳ್ಕೋಬೇಕಲ್ಲ." ಬಿಷಪ್ಪರು ಹೊರಗೆ ಹೋಗಿ ಅಕ್ರೋಟು ಮರದ ಕೆಳಗೆ ಅರ್ಗಿರಿಸನನ್ನು ತಬ್ಬಿಕೊಂಡು, ಇನ್ನು ಪಾನಪಾತ್ರೆ ಎತ್ತುವಂತಿಲ್ಲ ಎಂದರು. ಪೂಜೆಗೆ ನಿಲ್ಲುವಾಗ ಅವನು ಧರಿಸುತ್ತಿದ್ದ ಹೆಗಲಿನ ಪಟ್ಟಿಯನ್ನು ಮಡಚಿ ಜೊತೆಗೆ ಒಯ್ದರು.

ಶನಿವಾರ ಎವಾಂಥಿಯಾ ಎಂದಿನಂತೆ ಪೂಜೆಯ ರೊಟ್ಟಿಗೆ ಹಿಟ್ಟು ಜರಡಿ ಹಿಡಿದಳು. ನಾಳೆ ಅದನ್ನು ಎತ್ತುವವನು ಪೇಟೆಯಿಂದ ಬರುವ ಯಾರೋ ಎಳೆಯ ಪಾದ್ರಿ. ಅರ್ಗಿರಿಸ್ ಹೊಸ್ತಿಲ ಬಳಿ ನಿಂತಿದ್ದ.

"ನನ್ನ ಉಳಿಸಬಹುದಿತ್ತು ನೀನು."

"ಉಳಿಸಿದ್ದು ನೀವು ರೀ. ಆ ಹೆಸರನ್ನ ಕಾಲು ಜಾರಿದ ಕಳ್ಳನಿಗೆ ಕೊಟ್ಬಿಡಲಾ?"

ಅವಳು ಹಿಟ್ಟಿಗೆ ಹುಳಿಹಿಟ್ಟು, ನೀರು ಬೆರೆಸಿದಳು.

"ಕೈ ತೊಳ್ಕೊಂಡು ಬನ್ನಿ."

"ನಾನಾ? ಎವಾಂಥಿಯಾ, ಇದು ಬಲಿಪೀಠಕ್ಕೆ ಹೋಗೋದು. ಈ ಕೈ..."

"ಬಿಷಪ್ಪರು ಹೇಳಿದ್ದು ಪಾನಪಾತ್ರೆ. ಹಿಟ್ಟಿನ ಸುದ್ದಿಗೇ ಬರಲಿಲ್ಲ."

ಅವನು ತುಂಬ ಹೊತ್ತು ಕೈ ತೊಳೆದ. ಇಷ್ಟು ವರ್ಷ ಎತ್ತಿ ಹಿಡಿದ ರೊಟ್ಟಿಯನ್ನು ಅವನು ಒಮ್ಮೆಯೂ ನಾದಿದವನಲ್ಲ. ಹಿಟ್ಟು ಬೆರಳಿಗೆಲ್ಲ ಮೆತ್ತಿತು, ಗಡ್ಡಕ್ಕೂ ಹತ್ತಿತು. ಎವಾಂಥಿಯಾಳಿಗೆ ನಗು ಬಂತು. ಆಮೇಲೆ ಅವನ ಮುಖ ನೋಡಿದಳು.

"ಕಣ್ಣು ಬಿಟ್ಕೊಂಡು ನಾದಿ," ಎಂದಳು.

ಅವನು ಕಣ್ಣು ಬಿಟ್ಟ.