ಒಂದು ಬೆಕ್ಕಿನಷ್ಟು ಕಡಿಮೆ

ಥ್ರಕ್ಲಿ ಊರಿನ ಗೂನುಸೇತುವೆಯ ನೆತ್ತಿ ದಾಟುವಾಗ ಡೆಸ್ಮಂಡನ ಹಸಿರು ಸ್ಪಿಟ್‌ಫೈರ್ ಕಾರು ಹೊಟ್ಟೆ ಉಜ್ಜಿಕೊಂಡು ಕರ್ರ್ ಎಂದಿತು. ರಸ್ತೆಯಂಚಿನ ಹುಲ್ಲಿನಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಐರಿಸ್ ಟ್ರಾಂಟರ್‌ಗೆ ತನ್ನ ಬೆನ್ನುಮೂಳೆಯನ್ನೇ ಯಾರೋ ಕಲ್ಲಿಗೆ ತೀಡಿದ ಹಾಗಾಯಿತು.

ಡೆಸ್ಮಂಡ್ ಕಾರು ನಿಲ್ಲಿಸಿದ. ಸ್ಟಿಯರಿಂಗಿಗೂ ಸೀಟಿಗೂ ನಡುವಿನ ಸಂದಿಯಿಂದ ತನ್ನನ್ನು ಕಂತುಕಂತಾಗಿ ಹೊರಗೆ ತಂದುಕೊಂಡ.

"ಕೇಳಿಸ್ತಾ, ಬಾತುಮರಿ?" ಪ್ರೀತಿ ಬಂದರೂ ಸಿಟ್ಟು ಬಂದರೂ ಅವನ ಬಾಯಲ್ಲಿ ಎಲ್ಲರೂ ಬಾತುಮರಿಗಳೇ.

"ಕೇಳಿಸ್ತು."

"ಬಲಗಡೆ ಮೂತಿ ಜೋಲು ಹಾಕ್ಕೊಂಡಿದೆ ನೋಡು. ಕಾರು ತಗ್ಗಾಗಿರ್ಬೇಕು ಅಂದಿದ್ದೆ. ತೆವಳ್ಬೇಕು ಅಂದಿದ್ನಾ?"

ಅವನ ಅಕ್ಕನ ಮಗ ಕೀತ್ ಸೇತುವೆಯ ಕಟ್ಟೆಗೆ ಒರಗಿ ಹಲ್ಲು ಕಿಸಿಯುತ್ತಿದ್ದ. "ಇವಳು ರಿಪೇರಿ ಕಲಿತಿದ್ದು ಸಂಜೆ ಕ್ಲಾಸಲ್ಲಿ ಅಲ್ವಾ ಮಾಮ. ಆ ಹೊತ್ತಿಗೆ ಬೆಳಕು ಕಮ್ಮಿ. ಎಡ ಯಾವ್ದು ಬಲ ಯಾವ್ದು ಕಂಡಿರಲ್ಲ ಪಾಪ."

ಅವನ ಮಾತು ನಿಜವೇ ಇರಬಹುದು ಎಂದು ಐರಿಸ್‌ಗೆ ಆಗಲೇ ಅನುಮಾನ ಶುರುವಾಗಿತ್ತು.

ಹಗಲು ಅವಳು ಹಲ್ಲಿನ ಡಾಕ್ಟರ ಬಳಿ ಫೋನೆತ್ತುವ ಕೆಲಸ ಮಾಡುತ್ತಿದ್ದಳು. ಔಷಧಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ವಾಸ. ಸ್ಪ್ಯಾನರುಗಳು ಮಂಚದ ಕೆಳಗೆ, ಚಪ್ಪಲಿಗಳ ಪಕ್ಕದಲ್ಲಿ. ಪಬ್ಬಿನ ಹಿಂದಿನ ಪಾಳು ಹಾಲಿನ ಡೇರಿಯನ್ನು ಊರಿನ ಹಳೇ ಕಾರುಗಳ ಕ್ಲಬ್ಬಿನವರು ರಿಪೇರಿ ಶೆಡ್ ಮಾಡಿಕೊಂಡಿದ್ದರು. ಕಾರಿನ ಕೆಳಗೆ ಇಳಿಯಲು ಗುಂಡಿ, ಉದ್ದನೆಯ ಮರದ ಮೇಜು, ಒಳ್ಳೆ ಬೆಳಕು ಎಲ್ಲವೂ ಅಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕ ಪರ್ಸಿ ಸಮುದ್ರತೀರದ ಮಗಳ ಮನೆಗೆ ಹೊರಟು ನಿಂತಿದ್ದ. ಶೆಡ್ಡಿನ ಕೀಲಿ ಇನ್ನು ಯಾರಿಗೆ? ಬೇಕು ಎಂದು ಐರಿಸ್ ಕೈಯೆತ್ತಿದ್ದಳು. ಎತ್ತಿದ ಕೈಯನ್ನು ಇಳಿಸುವಷ್ಟರಲ್ಲಿ ಕೀತನೂ ಎತ್ತಿದ್ದ.

ಕ್ಲಬ್ಬಿನ ಅಧ್ಯಕ್ಷ ಡೆಸ್ಮಂಡ್ ಎಲ್ಲರೆದುರು ತೀರ್ಪು ಕೊಟ್ಟಿದ್ದ. ತನ್ನ ಕಾರಿನ ಮುಂದಿನ ಸಸ್ಪೆನ್ಶನ್ ಕೆಲಸವನ್ನು ಐರಿಸ್ ಮಾಡಲಿ. ಭಾನುವಾರದ ಕ್ಲಬ್ ಸವಾರಿಯಲ್ಲಿ ಆ ಕಾರು ಗೂನುಸೇತುವೆಯನ್ನು ಸದ್ದಿಲ್ಲದೆ ದಾಟಿದರೆ ಕೀಲಿ ಅವಳದು, ಉಜ್ಜಿದರೆ ಕೀತನದು.

ಇವತ್ತಿನದು ಬರೀ ಪರೀಕ್ಷೆಯ ಓಟ. ಆದರೂ ಉಜ್ಜಿದ್ದು ಉಜ್ಜಿದ್ದೇ.

ಮಾರನೆಯ ಸಂಜೆ ಡೆಸ್ಮಂಡ್ ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಆಟಕ್ಕೆ ಹೋದ ಹೊತ್ತಿಗೆ ಐರಿಸ್ ಅವನ ಗ್ಯಾರೇಜಿಗೆ ಬಂದಳು. ಸ್ಪಿಟ್‌ಫೈರಿನ ಬಾನೆಟ್ಟು ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಆಗ ಮುಂದಿನ ಟೈರೇ ಕೂರುವ ಮಣೆ. ಅದರ ಮೇಲೆ ಕೂತು ತನ್ನ ಕೆಲಸವನ್ನು ಮೊದಲಿಂದ ನೋಡುತ್ತ ಬಂದಳು. ಗಿಡ್ಡ ಸ್ಪ್ರಿಂಗುಗಳು ಸರಿಯಾಗಿ ಕೂತಿದ್ದವು. ಚಕ್ರ ಹಿಡಿದ ತೋಳುಗಳ ಬುಡಕ್ಕೆ ಹಾಕಿದ ಹೊಸ ರಬ್ಬರುಗಳೂ ಸರಿ. ಈ ರಬ್ಬರುಗಳ ಬೋಲ್ಟನ್ನು ಚಕ್ರ ನೇತಾಡುವಾಗ ಬಿಗಿಯಬಾರದು. ಕಾರು ಚಕ್ರದ ಮೇಲೆ ನಿಂತು, ಓಡಿಸುವವನ ಭಾರವೂ ಸೀಟಿನಲ್ಲಿ ಇರುವಾಗ ಬಿಗಿಯಬೇಕು. ಅವಳು ಹಾಗೇ ಮಾಡಿದ್ದಳು. ಡೆಸ್ಮಂಡನನ್ನು ತೂಕ ಕೇಳಿ, ಅಷ್ಟಕ್ಕೆ ಸಮನಾಗಿ ಮೂರು ಮೂಟೆ ತೋಟದ ಗೊಬ್ಬರ, ಮೇಲೆರಡು ಇಟ್ಟಿಗೆ ಸೀಟಿನಲ್ಲಿಟ್ಟು, ಎತ್ತರ ಹೊಂದಿಸಿ ಬಿಗಿದಿದ್ದಳು.

ಹಾಗಾದರೆ ತಪ್ಪಿದ್ದೆಲ್ಲಿ? ಮೂಟೆಗಳನ್ನು ಮತ್ತೆ ಸೀಟಿಗೇರಿಸಿದಳು. ಕಾರು ಎರಡೂ ಕಡೆ ಸಮನಾಗಿ, ಸಂಭಾವಿತನ ಹಾಗೆ ನಿಂತಿತು. ಅವಳಿಗೆ ಅಳು ಬರುವುದೊಂದು ಬಾಕಿ.

ಡೆಸ್ಮಂಡನ ಹೆಂಡತಿ ಪ್ರೂ ಚಹಾ ತಂದಳು. ಕಾರಿನೊಳಗೆ ಬಗ್ಗಿ ನೋಡಿ, "ಇದ್ಯಾರಮ್ಮ, ನನ್ನ ಗಂಡನ ಸೀಟಲ್ಲಿ?" ಎಂದಳು.

"ಡೆಸ್ಮಂಡ್. ಅಂದ್ರೆ, ಅವರ ತೂಕ. ಹನ್ನೆರಡೂವರೆ ಸ್ಟೋನ್. ಎಂಬತ್ತು ಕಿಲೋ ಹತ್ತಿರ."

ಪ್ರೂ ಕಪ್ಪನ್ನು ಕೆಳಗಿಟ್ಟಳು; ನಗುವಾಗ ಚೆಲ್ಲಬಾರದಲ್ಲ. "ಇಷ್ಟು ಸಣ್ಣ ಡೆಸ್ಮಂಡನ್ನ ನಾನು ಮದುವೆ ದಿನ ನೋಡಿದ್ದು ಕಣೇ!"

"ದಿನಾ ಬೆಳಗ್ಗೆ ತೂಗಿ ನೋಡ್ಕೋತೀನಿ ಅಂದ್ರಲ್ಲ?"

"ನೋಡ್ಕೋತಾನೆ. ಎಲ್ಲಿ ಅಂತ ಕೇಳಿದ್ಯಾ? ಬಾ, ತೋರಿಸ್ತೀನಿ."

ಮಹಡಿಯ ಬಚ್ಚಲಮನೆಯಲ್ಲಿ ಕಾಲು ಹೂತುಹೋಗುವಷ್ಟು ದಪ್ಪದ ಗುಲಾಬಿ ಕಾರ್ಪೆಟ್ ಇತ್ತು. ಅದರ ಮೇಲೆ ಮುಳ್ಳಿನ ತೂಕದ ಯಂತ್ರ, ಮೆತ್ತೆಯ ಮೇಲೆ ಮಲಗಿದ ರಾಜಕುಮಾರನ ಹಾಗೆ. ಐರಿಸ್ ಹತ್ತಿ ನಿಂತಳು. ಆಹಾ, ಎಷ್ಟು ಇಳಿದುಬಿಟ್ಟಿದ್ದಳು! ಯಂತ್ರವನ್ನು ಕೆಳಗೊಯ್ದು ಅಡುಗೆಮನೆಯ ಕಲ್ಲುನೆಲದ ಮೇಲಿಟ್ಟು ಮತ್ತೆ ಹತ್ತಿದಳು. ಇಳಿದಿದ್ದೆಲ್ಲ ವಾಪಸ್ಸು ಬಂತು. ಕಾರ್ಪೆಟ್ ಬಗ್ಗೆ ಒಂದು ಕ್ಷಣ ಅವಳಿಗೂ ಮಮತೆ ಹುಟ್ಟಿತು.

"ಒಳಗಿರೋದೂ ಸ್ಪ್ರಿಂಗೇ," ಎಂದಳು ಮೆಲ್ಲಗೆ. "ಕೆಳಗೆ ಗಟ್ಟಿ ನೆಲ ಇಲ್ದಿದ್ರೆ ಸುಳ್ಳು ಹೇಳುತ್ತೆ. ಈಗ ಅವರ ನಿಜವಾದ ತೂಕ ಗೊತ್ತಾಗೋದು ಹೇಗೆ? ಈ ನೆಲದ ಮೇಲೆ ನಿಂತ್ಕೊಳ್ಳಿ ಅಂದ್ರೆ..."

"ನಿಲ್ತಾನಾ? ಪ್ರಾಣ ಬಿಟ್ಟಾನು."

ಟೈರಿನ ಮೇಲೆ ಕೂತು ತಣ್ಣಗಾದ ಚಹಾ ಕುಡಿಯುವಾಗ ಐರಿಸ್‌ಗೆ ಹೊಳೆಯಿತು. ಸುಳ್ಳು ಹೇಳದ ಸ್ಪ್ರಿಂಗ್ ತನ್ನ ಕೆಳಗೇ ಇದೆಯಲ್ಲ!

ಶನಿವಾರ ಬೆಳಿಗ್ಗೆ ಡೆಸ್ಮಂಡನಿಗೆ, "ಒಂದು ನಿಮಿಷ ಕಾರಲ್ಲಿ ಕೂತಿರ್ತೀರಾ? ಸ್ಟಿಯರಿಂಗ್ ನೇರ ಇದ್ಯಾ ನೋಡ್ಬೇಕು," ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಅವಳ ಕಿವಿ ಕೆಂಪಾಯಿತು. ಅವನು ಪೇಪರು ಹಿಡಿದು ಕೂತ. ಕಾರಿನ ಬಲಮೂಲೆ ನಿಟ್ಟುಸಿರಿಟ್ಟು ಇಳಿಯಿತು. ಐರಿಸ್ ಚಕ್ರದ ಪಕ್ಕದಲ್ಲಿ ಒಂದು ಕೋಲು ನಿಲ್ಲಿಸಿ, ಮಡ್‌ಗಾರ್ಡಿನ ಅಂಚು ಬಂದ ಜಾಗಕ್ಕೆ ಕೆಂಪು ಟೇಪು ಸುತ್ತಿದಳು.

"ನೇರ ಇದೆ. ಥ್ಯಾಂಕ್ಸ್."

ಅವನು ಪೇಟೆಗೆ ಹೋದದ್ದೇ ತಡ, ಇಬ್ಬರೂ ಹೆಂಗಸರು ಮೂಟೆ ಹೊರಲು ನಿಂತರು. ಮೂರು ಮೂಟೆಗೆ ಕಾರು ಕ್ಯಾರೇ ಅನ್ನಲಿಲ್ಲ. ನಾಲ್ಕನೆಯದಕ್ಕೆ ಸ್ವಲ್ಪ ತಗ್ಗಿತು.

"ಇನ್ನೂ ಬೇಕು," ಐರಿಸ್ ನೆಲಕ್ಕೆ ಕೆನ್ನೆ ತಾಗಿಸಿ ಹೇಳಿದಳು.

ಪ್ರೂ ಅಡುಗೆಮನೆಯಿಂದ ಎರಕದ ಕಬ್ಬಿಣದ ದೊಡ್ಡ ಪಾತ್ರೆ ತಂದಳು. ಆಮೇಲೆ ಬಾಗಿಲು ತಡೆಯುವ ಕಲ್ಲುಗುಂಡು. ಪ್ರತಿ ಸಲವೂ ಅವಳ ಮುಖ ಇನ್ನಷ್ಟು ಅರಳುತ್ತಿತ್ತು. "ಸಾಕಾ?"

"ಟೇಪು ಮುಟ್ಟೋಕೆ ಒಂಚೂರು. ಒಂದೇ ಒಂಚೂರು."

ಅಷ್ಟರಲ್ಲಿ ಮನೆಯ ಬೆಕ್ಕು ಬಿಷಪ್, ಇಷ್ಟು ಹೊತ್ತು ಗೋಡೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದವನು, ಧುಮುಕಿ ಬಂದು ಪಾತ್ರೆಯೊಳಗೆ ಸುರುಳಿ ಸುತ್ತಿ ಮಲಗಿದ. ಮಡ್‌ಗಾರ್ಡಿನ ಅಂಚು ಕೆಂಪು ಟೇಪಿಗೆ ಸರಿಯಾಗಿ ಬಂದು ನಿಂತಿತು.

"ಯಾರೂ ಅಲ್ಲಾಡ್ಬೇಡಿ!" ಐರಿಸ್ ಕೂಗಿದಳು.

ಆ ಕ್ಷಣಕ್ಕೇ ಕನ್ನಡಕ ಮರೆತುಹೋಗಿದ್ದ ಡೆಸ್ಮಂಡ್ ಬಾಗಿಲಲ್ಲಿ ಪ್ರತ್ಯಕ್ಷನಾದ. ತನ್ನ ಸೀಟು ನೋಡಿದ. ಮೂಟೆ, ಪಾತ್ರೆ, ಕಲ್ಲು, ಬೆಕ್ಕು.

"ಏನಿದು?"

"ನೀನೇ ಕಣೋ," ಎಂದಳು ಪ್ರೂ.

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರಿತು. "ಜೀವಮಾನವೆಲ್ಲ ಕಸಾಯಿ ಅಂಗಡಿ ನಡೆಸ್ದೋನು ನಾನು! ತೂಕದ ಪಾಠ ನಂಗೇ ಹೇಳ್ತೀರಾ?"

"ಆಗ ತಕ್ಕಡಿ ಮೇಲೆ ಹೆಬ್ಬೆಟ್ಟು ಇಡ್ತಿದ್ದೆ. ಈಗ ತಕ್ಕಡೀನೇ ಕಾರ್ಪೆಟ್ ಮೇಲೆ ಇಟ್ಕೊಂಡಿದ್ದೀಯ. ಅಷ್ಟೇ ವ್ಯತ್ಯಾಸ."

ಅವನು ಬಾಗಿಲು ದಡಾರನೆ ಹಾಕಿಕೊಂಡು ಹೋದ. ಕನ್ನಡಕ ಅಲ್ಲೇ ಉಳಿಯಿತು.

ಕೀಲಿಯೂ ಅವನ ಜೊತೆಗೇ ಹೋಯಿತು ಎಂದುಕೊಂಡಳು ಐರಿಸ್. ಆದರೂ ಹಿಡಿದ ಕೆಲಸವನ್ನು ಹಾಗೇ ಬಿಟ್ಟು ಹೋಗುವುದು ಅವಳಿಂದಾಗದು. ಬಲಗಡೆಯ ಸ್ಪ್ರಿಂಗ್ ಕಳಚಿ, ಅದರ ತಲೆಯ ಮೇಲೆ ಎತ್ತರ ಕೊಡುವ ದಪ್ಪನೆಯ ಬಿಲ್ಲೆಯೊಂದನ್ನು ಕೂರಿಸಿ, ಮತ್ತೆ ಜೋಡಿಸಿದಳು. ಡೆಸ್ಮಂಡನ ಭಾರವನ್ನೆಲ್ಲ ಬೆಕ್ಕಿನ ಸಮೇತ ಮತ್ತೆ ಹೇರಿ, ಎರಡೂ ಕಡೆ ಸಮವಾದದ್ದು ನೋಡಿ ಬೋಲ್ಟು ಬಿಗಿದಳು. ಮನೆಗೆ ಹೋಗುವ ದಾರಿಯಲ್ಲಿ ಅರ್ಧಕ್ಕೆ ನಿಂತು, ವಾಪಸ್ಸು ಬಂದು, ಬಿಗಿದದ್ದನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು.

ಭಾನುವಾರ ಕ್ಲಬ್ಬಿನವರೆಲ್ಲ ಸೇತುವೆಯ ಬಳಿ ಕಿವಿ ನಿಮಿರಿಸಿ ನಿಂತರು. ಡೆಸ್ಮಂಡ್ ಬರುತ್ತಾನೋ ಇಲ್ಲವೋ ಎಂದು ಐರಿಸ್ ಗುಂಡಿಯೊಂದನ್ನು ತಿರುವಿ ತಿರುವಿ ಕೋಟಿನಿಂದ ಕಿತ್ತೇಬಿಟ್ಟಿದ್ದಳು. ಹಸಿರು ಕಾರು ಬಂತು. ಅವನು ಯಾರ ಕಡೆಗೂ ನೋಡಲಿಲ್ಲ. ಮೂತಿ ಏರಿತು, ನೆತ್ತಿ ದಾಟಿತು, ಇಳಿಯಿತು. ಎಲ್ಲೋ ಒಂದು ಕುರಿ ಅರಚಿದ್ದು ಬಿಟ್ಟರೆ ಸದ್ದೇ ಇಲ್ಲ.

"ಇನ್ನೊಂದ್ಸಲ!" ಕೀತ್ ಓಡಿ ಹೋದ. "ಇದೇನೋ ಕಣ್ಕಟ್ಟು. ಮಾಮ, ಎಲ್ಲಾದ್ರೂ ಸಣ್ಣಗಾಗಿದ್ದೀರಾ?"

ಎಲ್ಲರೂ ನಕ್ಕರು. ಡೆಸ್ಮಂಡ್ ಕಾರಿನಿಂದಿಳಿದು ಹೊಟ್ಟೆ ಒಳಗೆಳೆದುಕೊಂಡ. 'ಹೌದು' ಎನ್ನಲು ಅವನ ಬಾಯಿ ತೆರೆದದ್ದು ಐರಿಸ್‌ಗೆ ಕಂಡಿತು. ಹಾಗೆಂದುಬಿಟ್ಟರೆ ಅವಳ ಕೆಲಸವೆಲ್ಲ ಅವನ ಪಥ್ಯದ ಲೆಕ್ಕಕ್ಕೆ ಹೋಯಿತು. ಹಿಂದಿನ ಕಾರಿನಿಂದ ಇಳಿದ ಪ್ರೂ ಕೈಯಲ್ಲಿ ಮುಚ್ಚಳದ ಬುಟ್ಟಿಯಿತ್ತು. ಅದರೊಳಗಿಂದ ಸಾವಧಾನವಾಗಿ ಒಂದು "ಮಿಯಾಂವ್" ಬಂತು.

ಡೆಸ್ಮಂಡನ ಹೊಟ್ಟೆ ತನ್ನ ಜಾಗಕ್ಕೆ ಮರಳಿತು.

"ಇಲ್ಲ," ಎಂದ. "ನಾನು ಹೇಗಿದ್ನೋ ಹಾಗೇ ಇದ್ದೀನಿ. ಸಸ್ಪೆನ್ಶನ್ ಸರಿ ಮಾಡಿದ್ದಾಳೆ." ಜೇಬಿನಿಂದ ಶೆಡ್ಡಿನ ಕೀಲಿ ತೆಗೆದು ಐರಿಸ್ ಕೈಯಲ್ಲಿಟ್ಟ. ಬಗ್ಗಿ ಅವಳಿಗಷ್ಟೇ ಕೇಳುವಂತೆ, "ಆ ಬೆಕ್ಕಿನ ವಿಷಯ, ಬಾತುಮರಿ..." ಎಂದ.

"ಯಾವ ಬೆಕ್ಕು?" ಎಂದಳು ಐರಿಸ್. ಈ ಸಲ ಕಿವಿ ಕೆಂಪಾಗಲಿಲ್ಲ.

ಸವಾರಿ ಮುಗಿದು ಎಲ್ಲರೂ ಹುಲ್ಲಿನ ಮೇಲೆ ಊಟಕ್ಕೆ ಕೂತಾಗ ಡೆಸ್ಮಂಡ್ ಹಂದಿಮಾಂಸ ತುಂಬಿ ಬೇಯಿಸಿದ ಪೈ ಒಂದಕ್ಕೆ ಕೈ ಹಾಕಿದ. ಪ್ರೂ ಅವನ ಕೈಗೆ ಫಟ್ಟನೆ ಹೊಡೆದಳು. "ಅರ್ಧ ಸಾಕು. ನಾಳೆಯಿಂದ ಕಲ್ಲುನೆಲದ ಮೇಲೆ ತೂಕ."

ಕೀಲಿಯನ್ನು ಜೇಬಿಗೆ ಹಾಕಿ, ಜೇಬು ತೂತಾಗಿದ್ದರೆ ಎಂದು ಮತ್ತೆ ತೆಗೆದು ಮುಷ್ಟಿಯಲ್ಲಿ ಹಿಡಿದು ಕೂತಿದ್ದ ಐರಿಸ್ ಗಂಟಲು ಸರಿಮಾಡಿಕೊಂಡಳು.

"ಅದು... ಪ್ರೂ, ಕಾರನ್ನ ಹೊಂದಿಸಿರೋದು ಈಗಿನ ತೂಕಕ್ಕೆ. ಇವರು ಇಳಿದ್ರೆ ಬಲಗಡೆ ಎತ್ತರ ಆಗ್ಬಿಡುತ್ತೆ. ಎಲ್ಲ ಮತ್ತೆ ಬಿಚ್ಬೇಕು."

ಡೆಸ್ಮಂಡ್ ಪೈಯನ್ನು ಇಡಿಯಾಗಿ ಎತ್ತಿಕೊಂಡ. "ಕೇಳಿಸ್ತಾ? ಮೆಕ್ಯಾನಿಕ್ ಹೇಳಿದ ಮೇಲೆ ಮುಗೀತು."